ಗಣೆಯವರ ಕ್ಯಾಸೆಟ್ಟು

ಹಿರಿಯೂರಿನಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ತೊಂಬತ್ತರ ದಶಕದಲ್ಲಿ ಸಿನಿಮಾ ಹಾಡುಗಳಿಗೆ ಜನ ಮುಗಿಬೀಳುತ್ತಿದ್ದರು. ನಮ್ಮ ಕಡೆಯ ಪದ ಕೇಳಿ ಅಂದರೆ ಮೂಗು ಮುರಿಯುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲವಲ್ಲ. ನನಗೆ ಮೈ ಉರಿಯುತ್ತಿತ್ತು.

ಹೀಗಿರುವಾಗ ಆದಿವಾಲದ ಕಡೆಯ ಹಟ್ಟಿಯಿಂದ ಗಣೆಯವರೊಬ್ಬರು ಬಂದರು. ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು. ದನಕ್ಕೋ ಕುರಿಗೋ ಬಂದ ರೋಗ ವಾಸಿಯಾದರೆ ಹಟ್ಟಿಯವರು ಹರಕೆ ತೀರಿಸಲು ಗಣೆಯವರನ್ನು ಕರೆಸುತ್ತಾರೆ. ಅವರು ಒಂದಿಷ್ಟು ಊದಿ, ಒಂದಿಷ್ಟು ಹಾಡಿ, ದೇವರ ಕಥೆ ಹೇಳುತ್ತಾರೆ. ಅದಕ್ಕೆ ಮೊರದ ತುಂಬ ರಾಗಿ, ತೆಂಗಿನಕಾಯಿ, ಉಳ್ಳವರ ಮನೆಯಾದರೆ ಕಂಬಳಿ. ನನ್ನ ಅಂಗಡಿಗೆ ಬಂದ ಈ ಯಜಮಾನರ ಸಂಸಾರ ನಡೆಯುತ್ತಿದ್ದುದು ಅದರಲ್ಲೇ. ಕರೆಯುವ ಮನೆಗಳು ಕಮ್ಮಿಯಾಗುತ್ತಿದ್ದವು.

“ನಮ್ದೂ ಒಂದು ಕ್ಯಾಸೆಟ್ ಮಾಡ್ರಿ ಸ್ವಾಮಿ. ಕೇಳ್ದೋರು ಕರೀತಾರೆ” ಅಂದರು.

ನನಗೂ ಹುರುಪು ಬಂತು. ಆದರೆ ಅವರದು ಕಟ್ಟುನಿಟ್ಟು. ಕಥೆ ಶುರುವಾದರೆ ಮಂಗಳ ಹಾಡುವವರೆಗೆ ನಿಲ್ಲಿಸುವಂತಿಲ್ಲ, ಕೇಳುವವರು ನಡುವೆ ಏಳುವಂತಿಲ್ಲ. ಒಂದು ಹರಕೆಗೆ ಒಂದೇ ಸಲ ಹಾಡಬೇಕು. ಕ್ಯಾಸೆಟ್ ತಿರುವಿ ಹಾಕಬೇಕಲ್ಲ ಯಜಮಾನ್ರೆ, ಒಂಚೂರು ನಿಲ್ಲಿಸಿ ಅಂದರೆ, “ದೇವ್ರನ್ನ ಅರ್ಧ ದಾರೀಲಿ ಇಳ್ಸಾಕಾಗ್ತೈತಾ?” ಅಂದರು. ಕೊನೆಗೆ ಎರಡು ಟೇಪ್ ರೆಕಾರ್ಡರ್ ಇಟ್ಟುಕೊಂಡೆ. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಒತ್ತಿ, ಉಸಿರು ಬಿಗಿಹಿಡಿದು ಕೂತೆ. ಅಷ್ಟು ಚೆಂದದ ಹಾಡಿಕೆಯನ್ನು ಅಷ್ಟು ಹತ್ತಿರದಿಂದ ನಾನು ಮತ್ತೆಂದೂ ಕೇಳಲಿಲ್ಲ.

ಹಾಡಿಸುವವರು ಫೋನ್ ಮಾಡಿ ಎಂದು ಕವರಿನ ಮೇಲೆ ಅಂಗಡಿಯ ನಂಬರು ಹಾಕಿಸಿದೆ. ಹೊಸದುರ್ಗದಿಂದ, ಹೊಳಲ್ಕೆರೆಯಿಂದ ಫೋನುಗಳು ಬಂದವು. ಎಲ್ಲರದೂ ಒಂದೇ ಮಾತು: “ಆ ಕ್ಯಾಸೆಟ್ ಇನ್ನೊಂದು ಸಿಗ್ತೈತಾ?” ಹಾಡಿದವರು ಇದ್ದಾರೆ, ಕರೆಸಿಕೊಳ್ಳಿ ಅಂದರೆ ಫೋನ್ ಇಟ್ಟುಬಿಡುತ್ತಿದ್ದರು. ಆಮೇಲೆ ಕ್ಯಾಸೆಟ್ಟೂ ಹೋಯಿತು, ಮೊಬೈಲ್ ಬಂತು. ಅಂಗಡಿಯಲ್ಲಿ ಕಂಪ್ಯೂಟರ್ ಇಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದೇ ನನ್ನ ಕಸುಬಾಯಿತು. ಗಣೆ ಪದ ಇಲ್ಲ ಎಂದು ಕೆಲವು ದಿನ ಹಟ ಹಿಡಿದು ನೋಡಿದೆ. ಪಕ್ಕದ ಅಂಗಡಿಯಲ್ಲಿ ಅದಾಗಲೇ ಇತ್ತು. ಹಾಡಿದವರಿಗೆ ಯಾವ ಅಂಗಡಿಯಿಂದಲೂ ಕವಡೆ ಕಾಸು ಹೋಗುತ್ತಿರಲಿಲ್ಲ.

ಸಿಟ್ಟಿಗೆದ್ದು, ಪರಿಚಯದ ಒಂದು ಮನೆಯವರಿಗೆ ದುಂಬಾಲು ಬಿದ್ದು, ಅವರ ಹರಕೆಗೆ ಯಜಮಾನರನ್ನೇ ಕರೆಯಲು ಒಪ್ಪಿಸಿದೆ. ಅವರು ಗೆದ್ದರೆ ಇನ್ನು ನಾಲ್ಕು ಮನೆ ಕರೆದಾವು ಎಂಬ ಆಸೆ. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಹಾಳಾದ್ದು, ದಾರಿಯಲ್ಲಿ ಟೈರು ಪಂಕ್ಚರ್ ಆಯಿತು.

ನಾವು ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಯಜಮಾನರದೇ ದನಿ ಕೇಳುತ್ತಿತ್ತು. ಹೊತ್ತು ಮೀರುತ್ತದೆಂದು ಮನೆಯವರು ಮೊಬೈಲಿಗೆ ಸ್ಪೀಕರ್ ಸಿಕ್ಕಿಸಿ ಕಥೆ ಹಚ್ಚಿಬಿಟ್ಟಿದ್ದರು. ಮುಂದೆ ದೀಪ, ಮೊರದಲ್ಲಿ ರಾಗಿ, ಕಾಯಿ. ನಾನು ಮೊಬೈಲ್ ನಿಲ್ಲಿಸಲು ಹೋದೆ. ಯಜಮಾನರು ನನ್ನ ಕೈ ಹಿಡಿದರು.

“ಶುರು ಆಗೈತೆ. ಕುಂತ್ಕಳ್ರಿ.”

ಚಪ್ಪಲಿ ಬಿಟ್ಟು, ಗಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೈಮುಗಿದು ಕೂತರು. ಮಂಗಳ ಆಗುವವರೆಗೂ ಕೂತಿದ್ದರು. ಮನೆಯವರು ನಾಚಿಕೊಂಡು ಮೊರವನ್ನು ಅವರ ಮುಂದೆ ತಂದಿಟ್ಟರು.

“ನಾನು ಹಾಡಿಲ್ವಲ್ಲಪ್ಪ. ಕೇಳ್ದೆ ಅಷ್ಟೆ” ಎಂದು ಎದ್ದರು. ಇನ್ನೊಂದು ಸಲ ಹಾಡುವಂತಿರಲಿಲ್ಲ. ಹರಕೆ ತೀರಿತ್ತು. ಸ್ಕೂಟರ್ ಹತ್ತುವಾಗ, “ಆಗ ಉಸಿರು ಚೆನ್ನಾಗಿತ್ತು” ಅಂದರು.

ಆಮೇಲೆ ಅವರು ಬಬ್ಬೂರಿನ ಕಡೆ ಕೂಲಿಗೆ ಹೋಗತೊಡಗಿದರೆಂದು ಕೇಳಿದೆ. ನನ್ನ ಅಂಗಡಿಗೆ ಬರುವುದನ್ನು ಬಿಟ್ಟರು. ಒಂದು ದಿನ ಆ ಕಡೆಯ ಹೆಣ್ಣಾಳೊಬ್ಬಳು ಬಂದು, ಗಣೆ ಪದ ತುಂಬಿಕೊಡಿ ಎಂದು ಮೊಬೈಲ್ ಚಾಚಿದಳು.

“ಅದನ್ನ ಹಾಡಿದ ಅಜ್ಜ ನಮ್ ಜೊತೇಲೇ ಕಳೆ ಕೀಳ್ತಾನೆ. ಒಂದು ಪದ ಹೇಳಜ್ಜ ಅಂದ್ರೆ ಹೇಳಂಗಿಲ್ಲ. ಅಂಗ್ಡೀಲಿ ಸಿಗ್ತೈತೆ ಹೋಗ್ರಿ ಅಂತಾನೆ.”

ತುಂಬಿಕೊಟ್ಟೆ.