ಸಮುದ್ರದಲ್ಲಿ ನನಗಿದ್ದ ಎರಡೇ ಕೈ

ನನಗೆ ನೀರೆಂದರೆ ಭಯ. ನಗಬೇಡಿ. ವಾರಕ್ಕೊಮ್ಮೆ ನಳ ಬರುವ ಹುಬ್ಬಳ್ಳಿಯಲ್ಲಿ ನೀರಿಲ್ಲವೆಂದು ಅಂಜುವವರೇ ಎಲ್ಲ. ನಾನೊಬ್ಬ ನೀರಿದ್ದರೆ ಅಂಜುವವನು. ಮನೆಯ ಡ್ರಮ್ಮಿನಲ್ಲಿ ತುಂಬಿಟ್ಟ ನೀರಿನ ಮೇಲಷ್ಟೇ ನನಗೆ ನಂಬಿಕೆ. ಉಣಕಲ್ ಕೆರೆಯನ್ನೂ ರಸ್ತೆಯ ಮೇಲೆ ನಿಂತೇ ನೋಡುತ್ತೇನೆ. ಇಂಥವನನ್ನು ಹೆಂಡತಿ ಶಾಂತಾ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ, ಹವಳದ ದಿಬ್ಬ ನೋಡಲು ಎಳೆದೊಯ್ದಳು. ಮೊಬೈಲಿನಲ್ಲಿ ಕಡಲಾಮೆ ಕಂಡಂದಿನಿಂದ ಅವಳಿಗೆ ಅದೇ ಗುಂಗು.

ದೋಣಿಯ ಗೈಡು ಧೈರ್ಯ ಹೇಳಲು ನಿಂತ. "ಹೆದರ್ಬೇಡಿ ಸರ್, ಇವತ್ತು ಸಮುದ್ರ ಶಾಂತ ಇದೆ, ನೀರೂ ತಿಳಿ. ಬಂಡೆ ಹತ್ರ ಸ್ವಲ್ಪ ಸೆಳೆತ, ಅಷ್ಟೇ. ಮುಳ್ಳಿನ ಉಂಡೆ ಕಂಡ್ರೆ ಮುಟ್ಬೇಡಿ. ಮೈತುಂಬ ಗರಿ ಇರೋ ಮೀನೂ ಮುಟ್ಬೇಡಿ, ವಿಷ. ಹಾವು ಬಂದ್ರೆ ಸುಮ್ನಿರಿ, ಅದು ಪಾಪದ್ದು." ಅವನು ಧೈರ್ಯ ಹೇಳಿದಷ್ಟೂ ನಾನು ದೋಣಿಯ ನಡುವಿಗೆ ಸರಿದೆ. ಕೊನೆಗೆ, "ಕೊರಳಲ್ಲಿರೋದೆಲ್ಲ ತೆಗೆದಿಡಿ" ಎಂದ.

ನನ್ನ ಕೊರಳಲ್ಲಿದ್ದುದು ಬೆಳ್ಳಿಯ ಕರಡಿಗೆಯೊಳಗಿನ ಇಷ್ಟಲಿಂಗ. ಅದು ಮೈಬಿಟ್ಟು ಹೋದರೆ ಪ್ರಾಣ ಹೋದಂತೆಯೇ ಎಂದು ಕೇಳುತ್ತ ಬೆಳೆದವರು ನಾವು. ಅಂದರೆ ಈ ಸಮುದ್ರದಲ್ಲಿ ನನಗೆ ಸಾಯಲು ಎರಡು ದಾರಿ. ಆದರೂ ಒಳಗೊಳಗೇ ಖುಷಿಯಾಯಿತೆನ್ನಿ, ನೆಪ ಸಿಕ್ಕಿತಲ್ಲ!

"ಇದನ್ನ ತಗ್ಯಾಕ ಬರೂದಿಲ್ಲಪಾ, ನಾ ಇಲ್ಲೇ ಕುಂದರ್ತೇನಿ" ಎಂದೆ.

"ಅಂಜಿಕಿ ನಿಮ್ಮದು, ದೇವರನ್ನ ಯಾಕ ನಡುವ ತರ್ತೀರಿ? ಕೈ ಚಾಚ್ರಿ" ಎಂದ ಶಾಂತಾ, ಕರಡಿಗೆಯನ್ನು ವಸ್ತ್ರದಲ್ಲಿ ಸುತ್ತಿ ನನ್ನ ಎಡತೋಳಿಗೆ ಬಿಗಿದಳು. ತನ್ನದನ್ನು ಆಗಲೇ ಕಟ್ಟಿಕೊಂಡಿದ್ದಳು.

ಮೈಗೆ ಲೈಫ್ ಜಾಕೆಟ್, ಬಾಯಲ್ಲಿ ಉಸಿರಿನ ಕೊಳವೆ. ನೀರಿಗಿಳಿದು, ಗೈಡು ಎಳೆಯುತ್ತಿದ್ದ ತೇಲುವ ಟ್ಯೂಬನ್ನು ಶಾಂತಾಳ ಪಕ್ಕದಲ್ಲೇ ಎಡಗೈಯಲ್ಲಿ ಹಿಡಿದೆ, ಬಲಗೈಯಿಂದ ತೋಳಿನ ಲಿಂಗವನ್ನು ಅವುಚಿಕೊಂಡೆ. ಮುಖ ನೀರಿಗಿಟ್ಟೆ. ಹವಳವೆಂದರೆ ಸರಾಫರ ಅಂಗಡಿಯ ಕೆಂಪು ಮಣಿ ಎಂದುಕೊಂಡಿದ್ದವನಿಗೆ ಕೆಳಗೆ ಹೂಕೋಸಿನ ಹೊಲವೇ ಕಂಡಿತು. ಅದೆಲ್ಲ ಜೀವವಿರುವ ಸಣ್ಣ ಹುಳುಗಳ ವಠಾರವಂತೆ. ನನ್ನನ್ನು ಕಂಡು ನೀಲಿ ಮೀನೊಂದು ಬಿರುಕಿನಲ್ಲಿ ನುಸುಳಿತು. ನನಗೂ ಅಂಜುವವರು ಇದ್ದಾರಲ್ಲ ಎಂದು ತುಸು ಸಮಾಧಾನವಾಯಿತು.

ಅಷ್ಟರಲ್ಲಿ ಹವಳ ಮುಗಿದು ತಳವೇ ಕಾಣದ ಕಪ್ಪು ನೀಲಿ ಬಂತು. ಟ್ಯೂಬನ್ನು ಇನ್ನಷ್ಟು ಬಿಗಿಹಿಡಿದೆ. ನೋಡುತ್ತೇನೆ, ಶಾಂತಾ ಟ್ಯೂಬು ಬಿಟ್ಟು ಆ ಕಪ್ಪಿನ ಕಡೆಗೇ ಸರಿಯುತ್ತಿದ್ದಾಳೆ. ಸೆಳೆತ! ಕೂಗೋಣವೆಂದರೆ ಬಾಯಲ್ಲಿ ಕೊಳವೆ. ಹೋದಳು, ನನ್ನ ಶಾಂತಾ ಹೋದಳು ಎಂದೇ ಅನಿಸಿತು. ಲಿಂಗವನ್ನು ಅವುಚಿದ್ದ ಬಲಗೈ ನನ್ನನ್ನು ಕೇಳಲೇ ಇಲ್ಲ. ತಾನಾಗಿ ಚಾಚಿ ಅವಳ ಮುಂಗೈ ಹಿಡಿದು ಜಗ್ಗಿತು.

ತಲೆ ಮೇಲೆತ್ತಿ ಅವಳು ಕೊಳವೆ ಉಗುಳಿದಳು. "ಏನ್ರೀ ನಿಮ್ಮ ಹುಚ್ಚು! ಕೆಳಗ ಆಮಿ ಬಂದಿತ್ರೀ, ನೋಡಾಕ ಹೊಂಟಿದ್ದೆ. ನೀವು ಒದ್ದಾಡಿದ್ದಕ್ಕ ಓಡಿಹೋತು!"

"ಇವರ ಅಂಜಿಕಿಗೆ ನನ್ನ ಆಮಿ ಹೋತು" ಎಂದು ಗೋಪನಕೊಪ್ಪದ ನಮ್ಮ ಓಣಿಗೆಲ್ಲ ಅವಳು ಇಂದಿಗೂ ಹೇಳುತ್ತಾಳೆ. ನಾನು ಹೂಂ ಎನ್ನುತ್ತೇನೆ. ಏನನ್ನು ಬಿಟ್ಟು ಅವಳ ಕೈ ಹಿಡಿದೆನೆಂದು ಮಾತ್ರ ಅವಳಿಗೆ ಹೇಳಿಲ್ಲ. ತೋಳಿನ ಮೇಲಿದ್ದವನಿಗೆ ಅದು ಗೊತ್ತು. ಅವನೂ ಬೇಸರ ಮಾಡಿಕೊಂಡಂತಿಲ್ಲ.