ಭಾವನ ಬ್ರೇಕಿಗೆ ಅಮ್ಮನ ಕೋಲಿನ ರಬ್ಬರು

ನಮ್ಮ ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದಾರೆ, ತಾವು ಓಡಿಸಿದ್ದು ಮಾತ್ರ ಅಷ್ಟಕ್ಕಷ್ಟೆ. ಸ್ಕೂಲಿನ ಕಾರಿನಲ್ಲಿ ಅವರ ಜಾಗ ಪಕ್ಕದ ಸೀಟು. ಅಲ್ಲಿ ಅವರ ಕಾಲಿಗೂ ಒಂದು ಬ್ರೇಕ್ ಇದೆ, ಆಕ್ಸಿಲರೇಟರ್ ಇಲ್ಲ. ಕಲಿಯುವವರು ಕಂಬದ ಕಡೆ ನುಗ್ಗಿ 'ಅಯ್ಯೋ' ಅಂದರೆ ಸಾಕು, ಭಾವನ ಬಲಗಾಲು ತಾನಾಗಿಯೇ ಒತ್ತಿಬಿಡುತ್ತದೆ. ಅಕ್ಕ-ಭಾವನ ಮನೆ ನಡೆಯುವುದೇ ಆ ಬಲಗಾಲಿನ ಮೇಲೆ.

ಇಂಥವರಿಗೆ ಕಂಪ್ಯೂಟರಿನ ಕಾರ್ ರೇಸ್ ಹುಚ್ಚು ಹಿಡಿಯಿತು. ಮೇಜಿಗೆ ಕಚ್ಚಿಸುವ ಸ್ಟೀರಿಂಗ್, ಕಾಲಿಗೆ ಪೆಡಲ್, ಎರಡೂ ಸೆಕೆಂಡ್ ಹ್ಯಾಂಡ್. ಭಾನುವಾರ ಮಧ್ಯಾಹ್ನ ಒಂದಷ್ಟು ಜನ ಅವರವರ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಒಂದೇ ರೇಸಿಗೆ ಕಾರು ಓಡಿಸುತ್ತಾರೆ. ಭಾವ ಪ್ರತಿ ವಾರವೂ ಕೊನೆ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಗೆಲ್ಲುವವನು ಬೀದಿ ತುದಿಯ ಔಷಧಿ ಅಂಗಡಿಯವನು, ಭಾವನ ಹಳೇ ಶಿಷ್ಯ. ಗೇರು ಯಾವುದು, ವೈಪರ್ ಯಾವುದು ಎಂದು ತಿಳಿಯದೆ ಭಾವನ ಪ್ರಾಣ ಹಿಂಡಿದವನು. ಮಾತ್ರೆ ತರಲು ಹೋದ ಭಾವನನ್ನು ಅವನು, "ಸಾರ್, ನಿನ್ನೆ ನಿಮ್ಮ ಕಾರು ಓಡ್ತಿತ್ತಾ, ಪಾರ್ಕ್ ಮಾಡಿದ್ರಾ?" ಎಂದು ವಿಚಾರಿಸಿದ. ಅಂದಿನಿಂದ ಭಾವ ಮಾತ್ರೆಗೆ ಊರಿನ ಆ ತುದಿಗೆ ಹೋಗತೊಡಗಿದರು. ಒಂದೇ ಒಂದು ಸಲ ಅವನಿಗಿಂತ ಮುಂದೆ ಬರಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಭಾವ ಬ್ರೇಕ್ ಮೆತ್ತಗಿದೆ ಎಂದರು. ನಿಜವಾದ ಬ್ರೇಕ್ ಕಾಲಿಗೆ ಎದುರು ಕೊಡಬೇಕು, ಇದು ಬೆಣ್ಣೆಯ ಹಾಗೆ ಇಳಿಯುತ್ತದಂತೆ. ಹೊಸ ಪೆಡಲಿನ ಮಾತೆತ್ತಿದಾಗ ಅಕ್ಕ ಹುಬ್ಬು ಏರಿಸಿದಳು. ಸರಿ, ಮನೆಯಲ್ಲೇ ರಿಪೇರಿ ಶುರುವಾಯಿತು. ಪೆಡಲಿನ ಹಿಂದೆ ಅರ್ಧ ಟೆನಿಸ್ ಚೆಂಡು ಇಟ್ಟರು, ಹಾರಿ ಹೋಯಿತು. ಪಾತ್ರೆ ಉಜ್ಜುವ ಸ್ಪಂಜು ತುರುಕಿದರು, ಪ್ರತಿ ತಿರುವಿನಲ್ಲೂ ನೊರೆ ಬಂತು. ಅಕ್ಕನ ಚಪ್ಪಲಿಯ ಹಿಮ್ಮಡಿ ಕತ್ತರಿಸಿದ ದಿನ ಭಾವನ ತಟ್ಟೆಗೆ ಬರೀ ಅನ್ನ ಬಿತ್ತು. ಇಷ್ಟಾದರೂ ಪಕ್ಕದ ಆಕ್ಸಿಲರೇಟರನ್ನು ಭಾವ ಮುಟ್ಟಲಿಲ್ಲ, ಅದರ ಪರಿಚಯ ಅವರಿಗೆ ಕಡಿಮೆ.

ಕೊನೆಗೆ ಸರಿಹೋದದ್ದು ನಮ್ಮಮ್ಮನ ಊರುಗೋಲಿನ ತುದಿಯ ರಬ್ಬರು. ಅಮ್ಮ ಇರುವುದು ಅಕ್ಕನ ಮನೆಯಲ್ಲೇ. ಅಳಿಯ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲವೆನ್ನಲಾರದೆ, ರೇಸ್ ಮುಗಿಯುವ ತನಕ ಓಡಾಡುವುದಿಲ್ಲ ಎಂದು ರಬ್ಬರು ಕಿತ್ತು ಕೊಟ್ಟಳು. ಬ್ರೇಕ್ ಕಲ್ಲಿನಂತೆ ಗಟ್ಟಿಯಾಯಿತು. ಎಷ್ಟು ಗಟ್ಟಿ ಎಂದರೆ, ಒತ್ತಿದಾಗ ಭಾವ ಕೂತಿದ್ದ ಗಾಲಿಯ ಆಫೀಸ್ ಕುರ್ಚಿಯೇ ಹಿಂದಕ್ಕೆ ಓಡಿತು. ಗಾಲಿಗಳಿಗೆ ಹಳೇ ಶೂ ತೊಡಿಸಿದರು, ಕುರ್ಚಿ ಶೂ ಹಾಕಿಕೊಂಡೇ ಓಡಿತು. ಆಗ ಅಮ್ಮ, ತೂಕದ ಹೆಂಗಸು, ತನ್ನ ಬೆತ್ತದ ಕುರ್ಚಿಯನ್ನು ಭಾವನ ಬೆನ್ನಿಗೆ ಬೆನ್ನು ಕೊಟ್ಟು ಹಾಕಿಸಿಕೊಂಡು ಕೂತಳು. ಕುರ್ಚಿ ಅಲ್ಲಾಡಲಿಲ್ಲ. ಅಮ್ಮನಿಗೆ ಕಾಣುತ್ತಿದ್ದದ್ದು ಮಾತ್ರ ಬರೀ ಗೋಡೆ.

ಆ ಭಾನುವಾರ ಕೊನೆಯ ತಿರುವಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಗುದ್ದಿಕೊಂಡು ಟ್ರ್ಯಾಕಿನ ಪಕ್ಕದ ಮರಳಿಗೆ ನುಗ್ಗಿದರು, ಔಷಧಿ ಅಂಗಡಿಯವನೂ. ಸಮಯಕ್ಕೆ ಬ್ರೇಕ್ ಹಾಕಿದವರು ಭಾವ ಒಬ್ಬರೇ.

"ಅತ್ತೆ, ನಾನೇ ಮುಂದೆ!"

ಅಮ್ಮ ಇದನ್ನು ಕಣ್ಣಾರೆ ನೋಡಬೇಕೆಂದು ಎದ್ದು ಪರದೆಯ ಕಡೆ ತಿರುಗಿದಳು. ರಬ್ಬರಿಲ್ಲದ ಕೋಲು ನುಣುಪು ನೆಲದಲ್ಲಿ ಜಾರಿತು. ಅಮ್ಮ "ಅಯ್ಯೋ" ಅಂದಳು. ಭಾವನ ಬಲಗಾಲು ಒತ್ತಿತು. ಬೆನ್ನಿಗೆ ಆಸರೆ ತಪ್ಪಿದ ಗಾಲಿ ಕುರ್ಚಿ, ಖಾಲಿ ಬೆತ್ತದ ಕುರ್ಚಿಯನ್ನು ಬದಿಗೆ ತಳ್ಳಿ ಬಾಣದಂತೆ ಹಿಂದೆ ಬಂತು, ಬೀಳುತ್ತಿದ್ದ ಅಮ್ಮ ಅಳಿಯನ ತೊಡೆಯ ಮೇಲೆ ಕೂತಳು. ಅತ್ತೆಯ ಎದುರು ಕಾಲು ಚಾಚಿಯೂ ಕೂರದ ಮನುಷ್ಯ ಅವರು. ಪರದೆಯ ಮೇಲೆ ಭಾವನ ಕಾರು ಗೆಲುವಿನ ಗೆರೆಗೆ ಒಂದು ಮೊಳ ಈಚೆ ಶಿಸ್ತಾಗಿ ನಿಂತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ದಾಟಿ ಹೋದರು.

"ಗೆದ್ರಾ?" ಅಮ್ಮ ಕೇಳಿದಳು.

"ಇಲ್ಲ ಅತ್ತೆ. ಬ್ರೇಕ್ ಹಾಕ್ಬಿಟ್ಟೆ."

ಅಕ್ಕ ಬಂದು ಅಮ್ಮನನ್ನು ಎಬ್ಬಿಸಿ, ರಬ್ಬರನ್ನು ಕೋಲಿಗೆ ತುರುಕಿ, ಪೆಡಲನ್ನು ಅಟ್ಟಕ್ಕೆ ಹಾಕಿದಳು. ಎಲ್ಲದಕ್ಕೂ ಭಾವನನ್ನು ಕಿಚಾಯಿಸುವ ನಾನೇ ಅವತ್ತು ಅವರ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ತಳ್ಳಿ ಇಟ್ಟೆ.

ಮುಂದಿನ ಭಾನುವಾರ ಊಟ ಮುಗಿಯುತ್ತಲೇ ಅಮ್ಮ ಕೋಲಿನ ರಬ್ಬರನ್ನು ತಾನೇ ಕಿತ್ತು ಭಾವನ ಮುಂದೆ ಇಟ್ಟಳು. ಬೇಡವೆಂದರು ಭಾವ, ನೀವು ಮತ್ತೆ ಎದ್ದರೆ ಗತಿಯೇನು ಎಂದರು.

"ಕೂತಲ್ಲೇ ಕಂಡ್ರೆ ನಾನ್ಯಾಕೆ ಏಳ್ಲಿ?"

ಭಾವ ಎದ್ದು ಸ್ಕೂಲಿಗೆ ಹೋಗಿ, ಕೆಟ್ಟು ಬಿದ್ದಿದ್ದ ಕಾರಿನಿಂದ ಹಿಂದಿನ ರಸ್ತೆ ನೋಡುವ ಕನ್ನಡಿ ಬಿಚ್ಚಿ ತಂದು, ಅಮ್ಮನ ಎದುರಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದರು. ಅದರಲ್ಲಿ ಪರದೆ ಪೂರ್ತಿ ಕಂಡಿತು, ಎಡ ಬಲಕ್ಕೆ ಬಲ ಎಡಕ್ಕೆ. ಅಕ್ಕ ತಲೆ ಚಚ್ಚಿಕೊಂಡು ಅಟ್ಟದಿಂದ ಪೆಡಲ್ ಇಳಿಸಿದಳು. ಅಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಳಿಯನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು.

"ಮುಂದೆ ನೀವು ನೋಡ್ಕೊಳ್ಳಿ ಅಳಿಯಂದ್ರೇ," ಅಂದಳು, "ಹಿಂದೆ ನಾನಿದ್ದೀನಿ."