ದೀಪದ ಹೊತ್ತಿನ ಹೌದುಗಳು

ಮನಸ್ಸಿನ ಬೇಸರವನ್ನು ಅಳೆಯಲು ನಾನೊಂದು ಪ್ರಶ್ನಾವಳಿ ತಯಾರಿಸಿದ್ದೆ. ನನ್ನ ಸಂಶೋಧನೆಯೆಲ್ಲ ಅದರ ಮೇಲೆಯೇ ನಿಂತಿತ್ತು. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಅದನ್ನು ನಂಬಬಹುದೋ ಬಾರದೋ ತಿಳಿಯಬೇಕಾದರೆ, ಎರಡು ವಾರ ಬಿಟ್ಟು ಅದೇ ಜನರಿಗೆ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಉತ್ತರಗಳು ಒಂದಕ್ಕೊಂದು ಹೊಂದಬೇಕು. ಇದರಲ್ಲೂ ಒಂದು ಪೀಕಲಾಟವಿದೆ. ಕಣ್ಣು ಮುಚ್ಚಿ ಗುರುತು ಹಾಕಿದರೂ ಅರ್ಧಕ್ಕರ್ಧ ಹೊಂದಿಬಿಡುತ್ತವೆ. ಆ ಪುಕ್ಕಟೆ ಹೊಂದಾಣಿಕೆಯನ್ನು ಕಳೆದು ಉಳಿದದ್ದನ್ನಷ್ಟೇ ನಂಬಬೇಕು.

ಇದಕ್ಕೆ ಯಲ್ಲದಕೆರೆಯ ದೊಡ್ಡಮ್ಮನ ಮನೆಯನ್ನು ಆರಿಸಿಕೊಳ್ಳಲು ಕಾರಣವಿತ್ತು. ಹೊಳಲ್ಕೆರೆಯಿಂದ ಅಮ್ಮ ಫೋನು ಮಾಡಿದ್ದಳು. “ನಿಮ್ ದೊಡ್ಡಮ್ಮ ಯಾಕೋ ಸೊರಗಿದಾಳೆ ಕಣೆ. ನಾನು ಕೇಳಿದ್ರೆ ಚೆನ್ನಾಗಿದೀನಿ ಅಂತಾಳೆ. ಊರೋರಿಗೆಲ್ಲ ಪ್ರಶ್ನೆ ಕೇಳ್ತೀಯಲ್ಲ, ಅವಳನ್ನೂ ಒಂದೀಟು ಕೇಳು.” ಅಮ್ಮನಿಗೆ ಅಕ್ಕನೆಂದರೆ ಜೀವ. ಅವಳ ದನಿ ಕೇಳಿ ನನಗೂ ದಿಗಿಲಾಯಿತು.

ಹಿರಿಯೂರಿನಲ್ಲಿ ಬಸ್ಸು ತಡವಾಗಿ, ನಾನು ಊರು ಮುಟ್ಟುವಾಗ ಸಂಜೆಯಾಗಿತ್ತು. ದೊಡ್ಡಮ್ಮ ಅಕ್ಕಪಕ್ಕದ ಹೆಂಗಸರನ್ನೆಲ್ಲ ನಡುಮನೆಯಲ್ಲಿ ಕೂರಿಸಿಕೊಂಡು ಕಾಯುತ್ತಿದ್ದಳು. ಒಬ್ಬೊಬ್ಬರನ್ನೇ ಕೇಳಬೇಕು ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆಯೇ? “ಹೂಂ.” ನಿದ್ದೆ ಕೆಡುತ್ತದೆಯೇ? ಅದಕ್ಕೂ “ಹೂಂ.” ಕಾರಣವಿಲ್ಲದೆ ಅಳು ಬರುತ್ತದೆಯೇ? ಎಲ್ಲರೂ ಕಿಸಕ್ಕನೆ ನಕ್ಕು “ಹೂಂ” ಎಂದರು. ದೊಡ್ಡಮ್ಮನ ನಗು ಎಲ್ಲರಿಗಿಂತ ಜೋರು. ಕೋಲೆಬಸವ ತಲೆಯಾಡಿಸಿದಂತೆ ಎಲ್ಲದಕ್ಕೂ ಹೂಂಗುಟ್ಟಿದರೆ ನಾನೇನು ಮಾಡಲಿ? ನನಗೋ ಮೂಗಿನ ತುದಿಯಲ್ಲೇ ಕೋಪ.

“ತಮಾಷೆ ಮಾಡ್ತಿದೀರೇನು?” ಎಂದೆ.

“ತಮಾಷೆ ಯಾಕೆ ಮಾಡಾಣ? ದೀಪ ಹಚ್ಚೋ ಹೊತ್ನಾಗೆ ಆ ಮಾತು ಬಾಯಾಗೆ ಬರಬಾರ್ದು,” ಎಂದಳು ದೊಡ್ಡಮ್ಮ. “ಓದಿ ಓದಿ ಅದನ್ನೂ ಮರ್ತೇನೆ?”

ಆ ಮಾತೆಂದರೆ ‘ಇಲ್ಲ’. ಆ ಹೊತ್ತಿನಲ್ಲಿ ಉಪ್ಪು ಮುಗಿದರೂ ‘ಹೆಚ್ಚಾಗಿದೆ’ ಎನ್ನುವ ಮನೆ ಅದು. ಅಂಥ ಕಡೆ ದೀಪದ ಮುಂದೆ ಕೂತು ಹೌದೋ ಇಲ್ಲವೋ ಎಂದು ಕೇಳಿದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು. ದೊಡ್ಡಮ್ಮನ ವಿಷಯವೂ ಆ ನಗುವಿನಲ್ಲೇ ತೇಲಿಹೋಯಿತು.

ಎರಡು ವಾರದ ನಂತರ ಬೆಳಿಗ್ಗೆಯೇ ಹೋದೆ. ಈ ಸಲ ಹಟ ಮಾಡಿ ಒಬ್ಬೊಬ್ಬರನ್ನೇ ಹಿತ್ತಲಿಗೆ ಕರೆದು ಕೇಳಿದೆ. ಅಳು ಬರುತ್ತದೆಯೇ ಎಂದರೆ, “ಅಯ್ಯೋ ಇಲ್ಲ ಕಣಮ್ಮ, ಅಳಾಕೆ ನನಗೇನಾಗೈತೆ?” ಎಂದರು. ಅಂದು ಹೂಂ ಎಂದವರೆಲ್ಲ ಇಂದು ಉಲ್ಟಾ. ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಇದಕ್ಕಿಂತ ಚೆನ್ನಾಗಿ ಹೊಂದುತ್ತಿತ್ತು. ನನ್ನ ಮಾರ್ಗದರ್ಶಕರಿಗೆ ಯಾವ ಮುಖ ತೋರಿಸಲಿ ಎಂದುಕೊಳ್ಳುತ್ತಲೇ ಕೊನೆಗೆ ದೊಡ್ಡಮ್ಮನ ಬಳಿ ಕೂತೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

“ನಿದ್ದೆ ಕೆಡುತ್ತದೆಯೇ?”

“ಕೆಡ್ತೈತೆ.”

“ಕಾರಣವಿಲ್ಲದೆ ಅಳು ಬರುತ್ತದೆಯೇ?”

“ಬರ್ತೈತೆ.”

ನಾನು ನಕ್ಕುಬಿಟ್ಟೆ. “ದೊಡ್ಡಮ್ಮ, ಈಗ ಬೆಳಿಗ್ಗೆ. ಇಲ್ಲ ಅನ್ನಬಹುದು.”

“ಗೊತ್ತೈತೆ,” ಎಂದಳು. ಅವಳು ನಗಲಿಲ್ಲ.

ನಾನು ಪ್ರಶ್ನಾವಳಿಯನ್ನು ಮಡಚಿಟ್ಟೆ. ಒಳಗೆ ಮಗ ಕೆಲಸಕ್ಕೆ ಹೊರಡುತ್ತಿದ್ದ, ಸೊಸೆ ಮಕ್ಕಳಿಗೆ ಜಡೆ ಹಾಕುತ್ತಿದ್ದಳು. ದೊಡ್ಡಮ್ಮ ಅತ್ತ ನೋಡಿ ದನಿ ತಗ್ಗಿಸಿದಳು. “ಮಗ ಒಳ್ಳೇನು. ಸೊಸೆ ಅವನಿಗಿಂತ ಒಳ್ಳೇಳು. ದೂರಾಣ ಅಂದ್ರೆ ಒಬ್ರೂ ಸಿಗಲ್ಲ. ಆದ್ರೂ ಬೆಳಿಗ್ಗೆ ಏಳಾಕೆ ಮನಸೇ ಬರಲ್ಲ ಕಣೆ.”

“ಮತ್ತೆ ಅಮ್ಮ ಕೇಳಿದಾಗ ಯಾಕೆ ಹೇಳ್ಲಿಲ್ಲ?”

“ಚೆನ್ನಾಗಿದೀಯಾ ಅಂತ ಎಲ್ರೂ ಕೇಳ್ತಾರೆ. ಚೆನ್ನಾಗಿದೀನಿ ಅಂದ ತಕ್ಷಣ ಬೇರೆ ಮಾತಿಗೆ ಹೋಗ್ತಾರೆ. ಅದನ್ನೇ ಇನ್ನೊಂದ್ಸಲ ಕೇಳಾಕೆ ಬಸ್ ಹತ್ತಿ ಬಂದೋಳು ನೀನೊಬ್ಳೇ.”

ನಾನು ಇನ್ನೊಂದು ಸಲ ಬಂದದ್ದು ಲೆಕ್ಕ ಹೊಂದುತ್ತದೋ ನೋಡಲು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, “ನಾಳೆ ದುರ್ಗಕ್ಕೆ ಹೋಗಾಣ, ಡಾಕ್ಟರ ಹತ್ರ. ನಾನೂ ಜೊತೆಗಿರ್ತೀನಿ,” ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, “ಯಾವ ಬಸ್ಸಿಗೆ?” ಎಂದು ಕೇಳಿದಳು.